ಫೈನ್ ಮತ್ತು ಸಣ್ಣ

ಇಂಗ್ಲಿಷಿನ ‘ಫೈನ್’ ಎಂಬ ಗುಣವಾಚಕಕ್ಕೆ ಅರ್ಥಗಳು ಹಲವು: ಚೆಂದದ, ಉತ್ತಮವಾದ, ಶುದ್ಧವಾದ, ತೆಳುವಾದ, ನುಣುಪಾದ. ಹೇಗಿದ್ದೀರಿ ಎಂದವರಿಗೆ ‘ಫೈನ್’ ಎಂದರೆ ಚೆನ್ನಾಗಿದ್ದೇನೆ ಎಂದರ್ಥ. ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಸೀಮೆಯಲ್ಲಿ, ಅಕ್ಕಿಯ ಮಾತು ಬಂದಾಗ, ಅದರ ಅರ್ಥ ಒಂದೇ: ಸಣ್ಣ.

ಈ ಪದದ ಬೇರು ಲ್ಯಾಟಿನ್ನಿನ ‘ಫೀನಿಸ್’. ಹಾಗೆಂದರೆ ಕೊನೆ, ಎಲ್ಲೆ. ಕೊನೆ ಮುಟ್ಟಿದ ಕೆಲಸ ಪೂರ್ಣವಾದ ಕೆಲಸ, ಪೂರ್ಣವಾದದ್ದೇ ಉತ್ತಮ. ಹಳೆಯ ಫ್ರೆಂಚಿನಲ್ಲಿ ‘ಫಿನ್’ ಆಗಿ ಈ ಅರ್ಥ ಪಡೆದ ಪದ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಒಳ್ಳೆಯ ಕುಸುರಿ ನವಿರಾಗಿರುತ್ತದೆ. ಹಾಗಾಗಿ ‘ನವಿರು’ ಎಂಬ ಅರ್ಥವೂ ಕೂಡಿಕೊಂಡಿತು. ದಂಡ ಎಂಬರ್ಥದ ‘ಫೈನ್’ ಸಹ ಇದೇ ಬೇರಿನದು: ವ್ಯಾಜ್ಯ ಕೊನೆಗಾಣಿಸಲು ಕಟ್ಟುವ ಹಣ.

ಕನ್ನಡದ ‘ಸಣ್ಣ’ ಹೊರಟದ್ದು ಬೇರೆ ಕಡೆಯಿಂದ. ಸಂಸ್ಕೃತದ ‘ಶ್ಲಕ್ಷ್ಣ’ ಪ್ರಾಕೃತದಲ್ಲಿ ‘ಸಣ್ಹ’ ಆಯಿತು, ಅದರಿಂದ ‘ಸಣ್ಣ’. ಮೂಲದ ಅರ್ಥ ನುಣುಪು. ಅಳತೆಯ ಮಾತು ಆಮೇಲಿನದು. ಸಣ್ಣ ಹುಡುಗ ಎಂದರೆ ಎಳೆಯ, ಸಣ್ಣ ಉರಿ ಎಂದರೆ ಮಂದ ಉರಿ, ಸಣ್ಣತನ ಎಂದರೆ ಕೀಳು ನಡೆ. ಹೀಗೆ ಬರುಬರುತ್ತಾ ಪದದ ಮರ್ಯಾದೆ ಇಳಿದಂತೆ ಕಂಡರೂ, ರೊಟ್ಟಿಯ ಹಿಟ್ಟನ್ನು ಸಣ್ಣಗೆ ಬೀಸಿಕೊಡಿ ಎನ್ನುವಾಗ ಹಳೆಯ ನುಣುಪು ಹಾಗೇ ಇದೆ.

ಎರಡೂ ಪದಗಳು ಕೂಡಿದ್ದು ನೆಲ್ಲಿನ ರಾಶಿಯಲ್ಲಿ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ, ಜೋಳ ಹತ್ತಿ ಬೆಳೆಯುತ್ತಿದ್ದ ಸಿಂಧನೂರು ಸೀಮೆಯ ಎರೆ ಹೊಲಗಳು ಗದ್ದೆಗಳಾದವು. ಈ ಸೀಮೆಗೆ ಹೆಸರು ತಂದದ್ದು ಸೋನಾ ಮಸೂರಿ. ಸೋನಾ ಮತ್ತು ಮಸೂರಿ ತಳಿಗಳ ಸಂಕರ ಅದು. ಮಸೂರಿಯ ಮೂಲ ಮಲೇಶಿಯಾ. ವ್ಯಾಪಾರಿ ಹಿಡಿ ನೆಲ್ಲು ತೆಗೆದು, ಅಂಗೈಗಳ ನಡುವೆ ತಿಕ್ಕಿ, ಹೊಟ್ಟು ಊದಿ, ಉಳಿದ ಕಾಳನ್ನು ಬೆಳಕಿಗೆ ಹಿಡಿಯುತ್ತಾನೆ. ಒಂದನ್ನು ಹಲ್ಲಿಗೆ ಕೊಟ್ಟು ಕಟ್ಟೆಂದರೆ ಒಣಗಿದೆ ಎಂದು ಲೆಕ್ಕ. ಕಾಳು ನೀಳವಾಗಿ ತೆಳ್ಳಗಿದ್ದರೆ ಅದು ಸಣ್ಣ ನೆಲ್ಲು, ಗುಂಡಗಿದ್ದರೆ ದಪ್ಪ ನೆಲ್ಲು.

ಕೈ ಗುರುತಿಸುವ ಈ ಭೇದಕ್ಕೆ ಸರ್ಕಾರದ ಅಳತೆಯೂ ಉಂಟು. ಅಕ್ಕಿಕಾಳಿನ ಉದ್ದ ಅಗಲದ 2.5 ಪಟ್ಟು ಅಥವಾ ಹೆಚ್ಚಿದ್ದರೆ ಬೆಂಬಲ ಬೆಲೆಯ ಪಟ್ಟಿಯಲ್ಲಿ ಅದು ‘ಎ’ ದರ್ಜೆ. ಕಡಿಮೆಯಾದರೆ ಸಾಮಾನ್ಯ ದರ್ಜೆ. ಎಣಿಕೆಗೆ ಬರುವುದು ಕಾಳಿನ ಗಾತ್ರವಲ್ಲ, ಅದರ ಉದ್ದ ಅಗಲಗಳ ಅನುಪಾತ.

ಕೊನೆಯಿಂದ ಹುಟ್ಟಿದ ಪದ, ನುಣುಪಿನಿಂದ ಹುಟ್ಟಿದ ಪದ ಎರಡೂ ಹೀಗೆ ಒಂದೇ ಕಾಳಿನ ಹೆಸರಾದವು. ಬೇರೆಡೆ ‘ಸಣ್ಣ’ ಎಂದರೆ ಕಡಿಮೆ. ನೆಲ್ಲಿನ ರಾಶಿಯ ಮುಂದೆ ಮಾತ್ರ ಅದು ಹೊಗಳಿಕೆ.