ಸದ್ದಿಲ್ಲದ ಗಣಕ

ಯಂತ್ರಗಳಿಗೂ ಒಂದೊಂದು ದನಿಯುಂಟು. ಹಿಟ್ಟಿನ ಗಿರಣಿಯ ಸದ್ದು ಬೀದಿಯ ಕೊನೆಯವರೆಗೂ ಕೇಳಿಸುತ್ತದೆ. ಹೊಲಿಗೆಯಂತ್ರದ ಸದ್ದು ಪಕ್ಕದ ಮನೆಯನ್ನು ಮುಟ್ಟುತ್ತದೆ. ಗೋಡೆಯ ಗಡಿಯಾರದ ಸದ್ದಾದರೋ ನಿದ್ದೆ ಬಾರದವನಿಗೆ ಮಾತ್ರ ಕೇಳಿಸುತ್ತದೆ. ಈ ಸದ್ದುಗಳ ಕಾರಣವನ್ನು ಯಾರೂ ವಿವರಿಸಬೇಕಾಗಿಲ್ಲ. ಗಿರಣಿಯಲ್ಲಿ ಕಲ್ಲು ತಿರುಗಬೇಕು, ಹೊಲಿಗೆಯಂತ್ರದಲ್ಲಿ ಸೂಜಿ ಏರಿಳಿಯಬೇಕು, ಗಡಿಯಾರದಲ್ಲಿ ಹಲ್ಲಿನ ಚಕ್ರ ಮುಂದಕ್ಕೆ ಸರಿಯಬೇಕು. ಕೆಲಸ ನಡೆಯುವ ಜಾಗದಲ್ಲಿಯೇ ಸದ್ದೂ ಹುಟ್ಟುತ್ತದೆ. ಗಣಕಯಂತ್ರದ ಸಂಗತಿ ಹಾಗಲ್ಲ. ಅದರ ಲೆಕ್ಕಾಚಾರವೆಲ್ಲ ನಡೆಯುವುದು ಉಗುರಿನಗಲದ ಸಿಲಿಕಾನ್ ತುಣುಕಿನಲ್ಲಿ. ಅಲ್ಲಿ ಚಲಿಸುವುವು ಎಲೆಕ್ಟ್ರಾನುಗಳು. ಅವುಗಳ ಹೆಜ್ಜೆಯ ಸಪ್ಪಳ ಯಾವ ಕಿವಿಗೂ ಕೇಳಿಸದು. ಹೀಗಿದ್ದರೂ ಮೇಜಿನ ಕೆಳಗಿಟ್ಟ ಗಣಕ ಕೆಲಸ ಹೆಚ್ಚಿದಂತೆಲ್ಲ ಭೋರೆಂದು ಮೊರೆಯುತ್ತದೆ. ಸದ್ದಿಗೆ ಕಾರಣವೇ ಇಲ್ಲದ ಯಂತ್ರಕ್ಕೆ ಈ ಮೊರೆತ ಎಲ್ಲಿಂದ ಬಂದಿತು?

ಹುಡುಕುತ್ತ ಹೋದರೆ ಸಿಕ್ಕುವುದು ಬಿಸಿ. ಗಣಕಕ್ಕೆ ಕೊಟ್ಟ ವಿದ್ಯುತ್ತು ಲೆಕ್ಕ ಮಾಡಿ ಮುಗಿಸಿದ ಬಳಿಕ ಮಾಯವಾಗುವುದಿಲ್ಲ; ಕಟ್ಟಕಡೆಗೆ ಅದು ಶಾಖವಾಗಿ ಪರಿಣಮಿಸುತ್ತದೆ. 100 ವಾಟ್ ವಿದ್ಯುತ್ತನ್ನು ಬಳಸುವ ಗಣಕವು ಕೋಣೆಯ ಪಾಲಿಗೆ 100 ವಾಟಿನ ಒಲೆಯೇ ಸರಿ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕದ ಕಣ್ಣಿಗೆ ಬಿದ್ದ ‘ಎನಿಯಾಕ್’ ಎಂಬ ಗಣಕದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ಅದರ ತೂಕ ಸುಮಾರು 30 ಟನ್. ಅದು ನುಂಗುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವಾಟ್. ಅದನ್ನು ತಣಿಸಲು ದೊಡ್ಡ ಗಾಳಿಯಂತ್ರಗಳೇ ಬೇಕಾಗಿದ್ದವು. ನಳಿಕೆಗಳ ಸ್ಥಾನಕ್ಕೆ ಟ್ರಾನ್ಸಿಸ್ಟರುಗಳು ಬಂದವು; ಅವು ವರ್ಷ ವರ್ಷವೂ ಕಿರಿದಾಗುತ್ತ ನಡೆದವು. ಟ್ರಾನ್ಸಿಸ್ಟರನ್ನು ಕಿರಿದುಗೊಳಿಸುತ್ತ, ಅದಕ್ಕೆ ಕೊಡುವ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳನ್ನು ತುಂಬಿದರೂ ಬಿಸಿ ಹೆಚ್ಚುವುದಿಲ್ಲವೆಂದು ರಾಬರ್ಟ್ ಡೆನ್ನಾರ್ಡ್ ಮತ್ತು ಅವರ ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟರು. ಮುಂದಿನ ಮೂರು ದಶಕಗಳ ಕಾಲ ಈ ಸೂತ್ರ ಗಣಕಗಳನ್ನು ಕೈಹಿಡಿದು ನಡೆಸಿತು. ಬಳಿಕ ವೋಲ್ಟೇಜನ್ನು ಇನ್ನಷ್ಟು ತಗ್ಗಿಸುವುದು ಕಷ್ಟವಾಯಿತು. 2004ರಲ್ಲಿ ಇಂಟೆಲ್ ಸಂಸ್ಥೆ ತನ್ನ ಪೆಂಟಿಯಂ 4 ಪ್ರೊಸೆಸರನ್ನು 4 ಗಿಗಾಹರ್ಟ್ಸ್ ವೇಗಕ್ಕೆ ಏರಿಸುವ ಯೋಜನೆಯನ್ನು ಕೈಬಿಟ್ಟಿತು. ಅಂದಿನಿಂದ ಗಣಕವನ್ನು ಕಟ್ಟುವವನ ಮುಂದಿರುವ ಮೊದಲ ಪ್ರಶ್ನೆ, ಹುಟ್ಟಿದ ಬಿಸಿಯನ್ನು ಎಲ್ಲಿಗೆ ಕಳುಹಿಸುವುದೆಂಬುದು.

ಇದು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಬೆಂಗಳೂರಿನ ಹಳೆಯ ಬಡಾವಣೆಯೊಂದರ ಎರಡು ಕೋಣೆಗಳ ಮನೆಯಲ್ಲಿ ಒಬ್ಬ ತರುಣನಿಗೂ ಇದೇ ಪ್ರಶ್ನೆ ಎದುರಾಯಿತು. ಮದುವೆಯ ವಿಡಿಯೋಗಳನ್ನು ಎಡಿಟಿಂಗ್ ಮಾಡಿಕೊಡುವುದು ಆತನ ಕಸುಬು. ಹಗಲೆಲ್ಲ ಛತ್ರಗಳಲ್ಲಿ ಕ್ಯಾಮರಾ ಹಿಡಿದು ನಿಲ್ಲುವವನಿಗೆ ಎಡಿಟಿಂಗಿಗೆ ಉಳಿಯುತ್ತಿದ್ದುದು ರಾತ್ರಿ ಮಾತ್ರ. ಆತನ ಮೇಜಿನಿಂದ ಎಂಟು ಅಡಿ ದೂರದಲ್ಲಿ, ಅದೇ ಕೋಣೆಯಲ್ಲಿ, ಎಂಬತ್ತು ದಾಟಿದ ಅಜ್ಜಿಯ ಮಂಚ. ಹಳೆಯ ಗಣಕ ಮೊಣಕಾಲೆತ್ತರದ ಡಬ್ಬ; ಅದರ ಪುಟ್ಟ ಫ್ಯಾನುಗಳು ರಾತ್ರಿಯೆಲ್ಲ ಮೊರೆಯುತ್ತಿದ್ದವು. ಒಂದು ರಾತ್ರಿ ಅಜ್ಜಿ ಕತ್ತಲಲ್ಲಿಯೇ ಕೇಳಿದರು:

“ಏನೋ ಮಗು, ಹೊರಗೆ ಮಳೆ ಹುಯ್ತಿದೆಯಾ? ಒಣಗಿಹಾಕಿದ ಬಟ್ಟೆ ಒಳಕ್ಕೆ ತಂದ್ಯೋ ಇಲ್ವೋ?”

“ಮಳೆ ಅಲ್ಲಜ್ಜಿ, ಕಂಪ್ಯೂಟರಿನ ಫ್ಯಾನು. ನೀನು ಮಲಕ್ಕೋ.”

ಅಜ್ಜಿ ಮರುಮಾತನಾಡದೆ ಗೋಡೆಯ ಕಡೆಗೆ ಹೊರಳಿದರು. ಅವರಿಗೆ ನಿದ್ದೆ ಬಂದಿಲ್ಲವೆಂಬುದು ಮತ್ತೆ ಮತ್ತೆ ಕೇಳಿಬಂದ ಬಳೆಯ ಸದ್ದಿನಿಂದ ಮೊಮ್ಮಗನಿಗೆ ತಿಳಿಯಿತು. ಆ ಸದ್ದನ್ನು ಆತ ಆರಿಸಿಕೊಂಡಿದ್ದನು. ಅದರಿಂದ ಆತನಿಗೆ ಸಂಪಾದನೆಯುಂಟು. ಅಜ್ಜಿ ಅದನ್ನು ಆರಿಸಿಕೊಂಡವರಲ್ಲ. ಆ ವಾರವೇ ಆತ ಹೊಸ ಗಣಕವೊಂದನ್ನು ಕೈಯಾರೆ ಜೋಡಿಸಬೇಕೆಂದು ನಿಶ್ಚಯಿಸಿದನು. ಕೆಲಸ ಬೇಗ ಮುಗಿಯಬೇಕು, ಆದುದರಿಂದ ಅದು ವೇಗವಾಗಿರಬೇಕು; ಕೋಣೆ ಕಿರಿದು, ಆದುದರಿಂದ ಅದು ಪುಟ್ಟದಾಗಿರಬೇಕು; ಅಜ್ಜಿ ಮಲಗಬೇಕು, ಆದುದರಿಂದ ಅದು ಮೌನವಾಗಿರಬೇಕು.

ಈ ಮೂರು ಆಸೆಗಳು ಒಂದೇ ಹೊಲಕ್ಕೆ ಬಡಿದಾಡುವ ದಾಯಾದಿಗಳಿದ್ದಂತೆ. ವೇಗ ಹೆಚ್ಚಿದರೆ ಬಿಸಿ ಹೆಚ್ಚುತ್ತದೆ. ಪೆಟ್ಟಿಗೆ ಕಿರಿದಾದರೆ ಆ ಬಿಸಿಗೆ ಹೊರಹೋಗುವ ದಾರಿ ಇಕ್ಕಟ್ಟಾಗುತ್ತದೆ. ಇಕ್ಕಟ್ಟಿನ ದಾರಿಯಲ್ಲಿ ಬಿಸಿಯನ್ನು ಹೊರದೂಡಲು ಗಾಳಿ ರಭಸದಿಂದ ಬೀಸಬೇಕು. ರಭಸದ ಗಾಳಿಯೇ ಸದ್ದು. ಹಾಗಾದರೆ ಫ್ಯಾನನ್ನೇ ಕಿತ್ತೆಸೆದರೇನೆಂದು ಕೇಳಬಹುದು. ಹಾಗೆ ಕೇಳಿದವರು ಹಿಂದೆಯೇ ಇದ್ದರು. ಆಪಲ್ ಸಂಸ್ಥೆ 1984ರಲ್ಲಿ ಹೊರತಂದ ಮೊದಲ ಮ್ಯಾಕಿಂತಾಷ್ ಗಣಕದಲ್ಲಿ ಫ್ಯಾನೇ ಇರಲಿಲ್ಲ. ಬಿಸಿಗಾಳಿ ತಾನಾಗಿಯೇ ಮೇಲೇರಿ ಸೀಳುಗಳಿಂದ ಹೊರಹೋಗಲೆಂಬುದು ಅದರ ಏರ್ಪಾಡು. ಯಂತ್ರದ ಸಾಮರ್ಥ್ಯ ಬೆಳೆದಂತೆ ಅದು ಸಾಲದೆ, ಅದೇ ವಂಶದ 1987ರ ಮ್ಯಾಕಿಂತಾಷ್ ಎಸ್‌ಇಯಲ್ಲಿ ಫ್ಯಾನ್ ಬಂದೇಬಂದಿತು. ಅದೇ ಸಂಸ್ಥೆ 2000ದಲ್ಲಿ ಮತ್ತೊಮ್ಮೆ ಪ್ರಯತ್ನಿಸಿತು. ‘ಜಿ4 ಕ್ಯೂಬ್’ ಎಂಬ ಆ ಗಣಕ ಸುಮಾರು 20 ಸೆಂಟಿಮೀಟರಿನ ಘನಾಕೃತಿ. ಪವರ್ ಸಪ್ಲೈಯನ್ನು ಹೊರಗಿರಿಸಿ, ನಡುವೆ ಕೆಳಗಿನಿಂದ ಮೇಲಕ್ಕೆ ಗಾಳಿಯ ಕೊಳವೆಯೊಂದನ್ನು ಬಿಟ್ಟು, ಫ್ಯಾನಿಲ್ಲದೆಯೇ ಅದನ್ನು ತಣಿಸಿದ್ದರು. ನೋಡಿದವರೆಲ್ಲ ಮೆಚ್ಚಿದರು, ಕೊಂಡವರು ಕಡಿಮೆ. 1,799 ಡಾಲರಿನ ಬೆಲೆ ಅನೇಕರಿಗೆ ಹೆಚ್ಚೆನಿಸಿತು. 2001ರ ಜುಲೈನಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಲಾಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿ ಆ ಗಣಕಕ್ಕೆ ಸ್ಥಾನ ದೊರೆತಿದೆ.

ತರುಣನಿಗೆ ಬೇಕಾಗಿದ್ದುದು ಸಂಗ್ರಹಾಲಯದ ವಸ್ತುವಲ್ಲ, ರಾತ್ರಿ ದುಡಿಯುವ ಯಂತ್ರ. ಆತ ಗಾಳಿಯನ್ನು ಬಿಡಲಿಲ್ಲ, ಗಾಳಿಯ ಲೆಕ್ಕ ಹಿಡಿದನು. 100 ವಾಟಿನ ಬಿಸಿಯನ್ನು ಹೊರಸಾಗಿಸಬೇಕು, ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಹೆಚ್ಚು ಏರಬಾರದು ಎಂದಾದರೆ ಸೆಕೆಂಡಿಗೆ ಸುಮಾರು 8 ಲೀಟರ್ ಗಾಳಿ ಪೆಟ್ಟಿಗೆಯೊಳಗೆ ಹಾದುಹೋಗಬೇಕು. ಇದೇನೂ ಭಾರಿ ಪ್ರಮಾಣವಲ್ಲ. ಅದನ್ನು ಯಾವ ಬಗೆಯಲ್ಲಿ ಸಾಗಿಸುತ್ತೇವೆ ಎಂಬುದರಲ್ಲಿ ಗುಟ್ಟು ಅಡಗಿದೆ. ಒಂದು ಫ್ಯಾನಿನ ವೇಗವನ್ನು ಇಮ್ಮಡಿಗೊಳಿಸಿದರೆ ಅದು ಬೀಸುವ ಗಾಳಿಯೂ ಇಮ್ಮಡಿಯಾಗುತ್ತದೆ; ಸದ್ದಾದರೋ ಸುಮಾರು 15 ಡೆಸಿಬೆಲ್ ಏರುತ್ತದೆ. 10 ಡೆಸಿಬೆಲ್ ಏರಿದರೇ ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರುತ್ತದೆಂಬುದನ್ನು ನೆನೆದರೆ ಈ ಏರಿಕೆ ಎಷ್ಟೆಂಬುದು ತಿಳಿದೀತು. ವೇಗದ ಬದಲು ಫ್ಯಾನಿನ ಅಗಲವನ್ನೇ ಇಮ್ಮಡಿಗೊಳಿಸಿದರೆ, ಒಂದೊಂದು ಸುತ್ತಿಗೆ ಸುಮಾರು ಎಂಟು ಪಟ್ಟು ಗಾಳಿ ಸಾಗುತ್ತದೆ. ಆದುದರಿಂದ ಅವಸರದ ಪುಟ್ಟ ಫ್ಯಾನುಗಳಿಗಿಂತ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನ್ ಒಂದೇ ಮೇಲು. ನಮ್ಮ ಹಳೆಯ ಮನೆಗಳನ್ನು ಕಟ್ಟಿದವರಿಗೆ ಈ ತತ್ತ್ವ ಗೊತ್ತಿತ್ತು. ಅಡುಗೆಮನೆಯ ಒಲೆಯ ಮೇಲ್ಗಡೆ ಬೆಳಕಿಂಡಿಯಿಟ್ಟು, ಕೆಳಗೆ ಬಾಗಿಲ ಕಡೆಯಿಂದ ತಂಗಾಳಿ ಬರುವಂತೆ ಮಾಡಿ, ಹೊಗೆಗೆ ತಡೆಯಿಲ್ಲದ ದಾರಿಯೊಂದನ್ನು ಅವರು ಬಿಟ್ಟಿದ್ದರು.

ಬಿಡಿಭಾಗಗಳಿಗಾಗಿ ತರುಣ ಎಸ್. ಪಿ. ರಸ್ತೆಯ ಅಂಗಡಿಗಳನ್ನು ಅಲೆದನು. ಮೊದಲು ದೊರೆತದ್ದು ‘ಮಿನಿ ಐಟಿಎಕ್ಸ್’ ಅಳತೆಯ ಮದರ್‌ಬೋರ್ಡ್. ತೈವಾನಿನ ವಿಯಾ ಸಂಸ್ಥೆ 2001ರಲ್ಲಿ ರೂಪಿಸಿದ ಈ ಅಳತೆಯ ಬೋರ್ಡು ಉದ್ದಗಲ ಎರಡರಲ್ಲಿಯೂ 17 ಸೆಂಟಿಮೀಟರ್ ಮಾತ್ರ. ಹಳೆಯ ಗಣಕದ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 7,200 ಸಲ ತಿರುಗುತ್ತಿದ್ದವು. ಅವುಗಳ ನಡುಕ ಡಬ್ಬದ ತಗಡಿಗೆಲ್ಲ ಹರಡಿ ಗುಂಯ್‌ಗುಡುತ್ತಿತ್ತು. ಅದರ ಜಾಗಕ್ಕೆ ಬಂದ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಪವರ್ ಸಪ್ಲೈಯನ್ನು ಆತ ತನ್ನ ಅಗತ್ಯಕ್ಕಿಂತ ಹೆಚ್ಚಿನ ಸಾಮರ್ಥ್ಯದ್ದಾಗಿ ಆರಿಸಿಕೊಂಡನು. ಹೊರೆ ಹಗುರವಾಗಿದ್ದಾಗ ಅದು ಬಿಸಿಯಾಗುವುದು ಕಡಿಮೆ. ಅದರ ಫ್ಯಾನಿಗೂ ಬಿಡುವು.

ಪ್ರೊಸೆಸರಿನ ಮೇಲೆ ಕುಳಿತುಕೊಳ್ಳುವ ಹೀಟ್ ಸಿಂಕ್ ನೋಡುವುದಕ್ಕೆ ತೆಳುತಗಡುಗಳ ಕಟ್ಟು. ಅದರೊಳಗೆ ಹಾದುಹೋಗುವ ತಾಮ್ರದ ಕೊಳವೆಗಳಲ್ಲಿಯೇ ಸೋಜಿಗವಿರುವುದು. ಕೊಳವೆಯಿಂದ ಗಾಳಿಯನ್ನು ತೆಗೆದು, ಕೆಲವೇ ಹನಿ ನೀರು ಬಿಟ್ಟು, ಬಾಯಿ ಮುಚ್ಚಿರುತ್ತಾರೆ. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗಿ ತಣ್ಣನೆಯ ತುದಿಗೆ ಧಾವಿಸುತ್ತದೆ. ಅಲ್ಲಿ ಬಿಸಿಯನ್ನು ಬಿಟ್ಟು ಮತ್ತೆ ಹನಿಯಾಗಿ, ಕೊಳವೆಯ ಒಳಗೋಡೆಯ ಬತ್ತಿಯಂತಹ ಪದರದ ಮೂಲಕ ಹಿಂದಿರುಗುತ್ತದೆ. ಮೋಟಾರಿಲ್ಲ, ಸದ್ದಿಲ್ಲ, ದೀಪದ ಬತ್ತಿ ಎಣ್ಣೆಯೆಳೆಯುವ ನಿಯಮವೇ ಇಲ್ಲಿಯೂ ದುಡಿಯುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ಇಂತಹ ಕೊಳವೆಯನ್ನು ನಿರ್ಮಿಸಿದ್ದರು. ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವೆ ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ. ಅಲ್ಲಿ ಗಾಳಿ ನಿಂತರೆ ಬಿಸಿ ದಾಟಲಾರದು. ಅದಕ್ಕಾಗಿ ಥರ್ಮಲ್ ಪೇಸ್ಟನ್ನು ಒಂದು ಚಿಟಿಕೆಯಷ್ಟು ಸವರಿ, ಮೇಲೆ 12 ಸೆಂಟಿಮೀಟರಿನ ಫ್ಯಾನೊಂದನ್ನು ಕೂರಿಸಿದನು. ತಂತಿಗಳನ್ನೆಲ್ಲ ಗಾಳಿಗೆ ಅಡ್ಡಬಾರದಂತೆ ಬದಿಗೆ ಕಟ್ಟಿದನು. ಎಲ್ಲವೂ ಕ್ಯಾಬಿನೆಟ್ಟಿನೊಳಗೆ ಅಡಕವಾದಾಗ ಅದು ದೊಡ್ಡ ಪಾದರಕ್ಷೆಯ ಪೆಟ್ಟಿಗೆಯಷ್ಟಿತ್ತು.

ಮೊದಲ ರಾತ್ರಿ ಗಣಕ ಸುಮ್ಮನಿರುವಾಗ ಸುಮ್ಮನೆಯೇ ಇತ್ತು. ಮದುವೆಯ ಚಿತ್ರವನ್ನು ಅಂತಿಮವಾಗಿ ಸಿದ್ಧಗೊಳಿಸುವ ಕೆಲಸಕ್ಕೆ ಹಚ್ಚಿದೊಡನೆ ಫ್ಯಾನ್ ಮೆಲ್ಲಮೆಲ್ಲನೆ ದನಿಯೆತ್ತಿತು. ಹಳೆಯ ಮಳೆಯಲ್ಲವಾದರೂ ತುಂತುರೆನ್ನಬಹುದು. ಇನ್ನೂ ದೊಡ್ಡ ಫ್ಯಾನಿಗೆ ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ. ಇನ್ನೂ ಬೆಲೆಬಾಳುವ ಭಾಗಗಳಿಗೆ ಕೈಯಲ್ಲಿ ಹಣವಿರಲಿಲ್ಲ. ಉಳಿದಿದ್ದುದು ಒಂದೇ ದಾರಿ. ಪ್ರೊಸೆಸರಿನಲ್ಲಿ ಹುಟ್ಟುವ ಬಿಸಿ ಅದರ ವೇಗದೊಂದಿಗೆ ನೇರ ಪ್ರಮಾಣದಲ್ಲಿಯೂ, ವೋಲ್ಟೇಜಿನ ವರ್ಗದೊಂದಿಗೂ ಏರುತ್ತದೆ. ವೇಗವನ್ನು ಹತ್ತನೆಯ ಒಂದು ಪಾಲು ತಗ್ಗಿಸಿ, ಅದರೊಡನೆ ವೋಲ್ಟೇಜನ್ನೂ ಹತ್ತನೆಯ ಒಂದು ಪಾಲು ತಗ್ಗಿಸಿದರೆ ಆ ಬಿಸಿ ನೂರಕ್ಕೆ 27ರಷ್ಟು ಇಳಿಯುತ್ತದೆ. 60 ನಿಮಿಷದಲ್ಲಿ ಮುಗಿಯುವ ಕೆಲಸ 67 ನಿಮಿಷ ಹಿಡಿದೀತು, ಅಷ್ಟೆ. ಆ ಏಳು ನಿಮಿಷಗಳನ್ನು ಬಿಟ್ಟುಕೊಡಲು ತರುಣನಿಗೆ ಮೊದಲು ಮನಸ್ಸು ಬರಲಿಲ್ಲ. ಹಣ ಕೊಟ್ಟು ತಂದ ವೇಗವನ್ನು ಬಳಸದಿರುವುದು ನಷ್ಟವೆಂದೇ ತೋರಿತು. ಮಂಚದ ಕಡೆಗೊಮ್ಮೆ ನೋಡಿದನು, ವೇಗವನ್ನು ತಗ್ಗಿಸಿದನು. ತುಂತುರು ನಿಂತಿತು. ಯಂತ್ರ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಆತ ಅದರ ಪುಟ್ಟ ದೀಪವನ್ನು ನೋಡಬೇಕಾಯಿತು. ಅಜ್ಜಿ ಮರುದಿನ ಹೊಸ ಗಣಕದ ಬಗ್ಗೆ ಏನನ್ನೂ ಕೇಳಲಿಲ್ಲ. ಅವರಿಗೆ ಅದು ಕೇಳಿಸಿರಲೇ ಇಲ್ಲ.

ಇಷ್ಟಾದರೂ ಈ ಮೌನ ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಟ್ಟುಕೊಳ್ಳುವ ಆಸ್ತಿಯಲ್ಲ. ಫ್ಯಾನಿನ ಗಾಳಿ ಯಂತ್ರವನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆಯ ಬಿಸಿಯ ಮೇಲೆ ಯಂತ್ರದ ಬಿಸಿ ಸೇರುತ್ತದೆ. ಬೆಂಗಳೂರಿನ ಮಾಗಿಯಲ್ಲಿ ಪಿಸುಗುಟ್ಟುವ ಗಣಕ, 40 ಡಿಗ್ರಿ ದಾಟುವ ಕಲಬುರಗಿ ರಾಯಚೂರುಗಳ ಬೇಸಿಗೆಯಲ್ಲಿ ಗಟ್ಟಿಯಾಗಿಯೇ ಮಾತನಾಡುತ್ತದೆ. ಧೂಳು ತಗಡುಗಳ ಸಂದಿಯಲ್ಲಿ ಕಟ್ಟಿಕೊಂಡರೂ ಅಷ್ಟೆ. ಕೆಲವು ತಿಂಗಳಿಗೊಮ್ಮೆ ಬ್ರಷ್ಷು ಹಿಡಿದು ಅದನ್ನು ತೆಗೆಯುತ್ತಿರಬೇಕು. ಮನೆಯ ಬಾವಿಯಂತೆ, ಹಿತ್ತಲಿನಂತೆ, ಮೌನವೂ ಆಗಾಗ ನೋಡಿಕೊಳ್ಳಬೇಕಾದ ವಸ್ತು.

ಬಿಸಿಯನ್ನು ಇಲ್ಲವಾಗಿಸುವುದು ಯಾವ ಯಂತ್ರಶಿಲ್ಪಿಗೂ ಸಾಧ್ಯವಿಲ್ಲ. ಅದನ್ನು ಕಡಿಮೆ ಹುಟ್ಟಿಸಬಹುದು. ಹುಟ್ಟಿದುದಕ್ಕೆ ಅವಸರವಿಲ್ಲದ ದಾರಿ ಮಾಡಿಕೊಡಬಹುದು. ಎರಡನೆಯದು ಜಾಣ್ಮೆಯ ಕೆಲಸ; ಅದನ್ನು ಎಸ್. ಪಿ. ರಸ್ತೆಯ ಅಂಗಡಿಯಲ್ಲಿ ಕೊಳ್ಳಲೂಬಹುದು. ಮೊದಲನೆಯದಕ್ಕೆ ಮಾತ್ರ ಕಟ್ಟುವವನು ತನ್ನ ಬಾಯಿಂದಲೇ ‘ಸಾಕು’ ಎನ್ನಬೇಕಾಗುತ್ತದೆ. ಅದನ್ನು ಎಷ್ಟಕ್ಕೆ ಹೇಳಬೇಕೆಂಬುದು ಯಾವ ಭಾಗದ ಮೇಲೆಯೂ ಅಚ್ಚಾಗಿರುವುದಿಲ್ಲ. ಯಂತ್ರದ ಪಕ್ಕದಲ್ಲಿ ಯಾರು ಮಲಗಿದ್ದಾರೆ ಎಂಬುದನ್ನು ನೋಡಿ ಅದನ್ನು ನಿರ್ಧರಿಸಬೇಕು.