ನಳಿಗೆ ಎಷ್ಟು ಉದ್ದವಿರಬೇಕು?

ಹೋದ ಭಾನುವಾರ ಬೆಳಗಿನ ಜಾವ ಅಮೆರಿಕದಿಂದ ಅಳಿಯನ ಫೋನ್ ಬಂದಿತು. ಅವನು ಕಮಲಾಪುರದ ನನ್ನ ತಂಗಿಯ ಮಗ. ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿದ್ದುಕೊಂಡು ನನ್ನದೇ ತರಗತಿಯಲ್ಲಿ ಓದಿದವನು. ರಜೆ ಮುಗಿಸಿ ಬರುವಾಗಲೆಲ್ಲ ಊರಿನ ಕೆಂಪು ಬಾಳೆಹಣ್ಣು ತಂದು ಗೆಳೆಯರಿಗೆ ಹಂಚುತ್ತಿದ್ದ ಆ ಹುಡುಗ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಈಗ ಅವನಿಗೆ ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಗುಂಡು ಹೊಡೆಯುವ ಹವ್ಯಾಸ. ಬಿಡಿಭಾಗಗಳನ್ನು ಕೊಂಡು ಪಾಯಿಂಟ್ 22 ರೈಫಲೊಂದನ್ನು ತಾನೇ ಜೋಡಿಸುತ್ತಿದ್ದಾನಂತೆ. “ಮಾಮಾ, 16, 20, 24 ಇಂಚಿನ ನಳಿಗಿ ಸಿಗ್ತಾವ. ಯಾವ್ದು ತಗೋಬೇಕ್ರಿ?” ಎಂದು ಕೇಳಿದ. ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ.ಯಲ್ಲಿ ಅದೇ ಜಾತಿಯ ರೈಫಲಿನಿಂದ ಕೆಲವು ಗುಂಡು ಹಾರಿಸಿದ್ದನ್ನು ಬಿಟ್ಟರೆ ಬಂದೂಕಿನ ಸಹವಾಸ ನನಗಿಲ್ಲ. ಹಾಗೆಂದೆ. ಅವನು ನಕ್ಕು, “ನನ್ನ ಹಳೇ ಪ್ರಶ್ನಾಕ್ಕ ನೀವು ಇನ್ನಾ ಉತ್ತರ ಕೊಟ್ಟಿಲ್ಲರಿ” ಎಂದ.

ಆ ಪ್ರಶ್ನೆ ನನಗೆ ಚೆನ್ನಾಗಿ ನೆನಪಿತ್ತು. 1989ರಲ್ಲಿ ಮಕ್ಕಳನ್ನು ಕರೆದುಕೊಂಡು ನಮ್ಮ ಕೋಟೆಗೆ ಹೋಗಿದ್ದೆ. ಬುರುಜಿನ ಮೇಲಿನ ಬಾರಾ ಗಜಿ ತೋಪಿನ ಪಕ್ಕದಲ್ಲಿ ನಿಂತು, “ಇದರ ಉದ್ದ 29 ಅಡಿ. ನಳಿಗೆ ಉದ್ದವಾದಷ್ಟೂ ಗುಂಡು ದೂರ ಹೋಗುತ್ತದೆ” ಎಂದು ಬರೆಸಿದೆ. ಆಗ ಇವನು ಎದ್ದು ನಿಂತು, “ಸರ್, ಕಮಲಾಪುರದ ತನಕ ನಳಿಗಿ ಮಾಡಿದ್ರ ಗುಂಡು ಎಲ್ಲೀ ತನಕ ಹೋಗ್ತದ್ರಿ?” ಎಂದು ಕೇಳಿದ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಚೇಷ್ಟೆ ಮಾಡುತ್ತಿದ್ದಾನೆಂದು ತಿಳಿದು ಅವನನ್ನು ಬಿಸಿಲಿನಲ್ಲಿ ನಿಲ್ಲಿಸಿದೆ. ಮನೆಯ ಹುಡುಗನಿಗೆ ಸಲಿಗೆ ಕೊಟ್ಟೆನೆಂದು ಯಾರೂ ಆಡಿಕೊಳ್ಳಬಾರದು ಎಂಬ ಬಿಗುಮಾನವೂ ಅದರಲ್ಲಿತ್ತು. ನಿಜ ಹೇಳಬೇಕೆಂದರೆ, ಉತ್ತರ ನನಗೆ ಗೊತ್ತಿರಲಿಲ್ಲ.

ಫೋನ್ ಇಟ್ಟ ಮೇಲೆ ಕಾಗದ, ಪೆನ್ಸಿಲು ಹಿಡಿದು ಕುಳಿತೆ. ಮದ್ದು ಉರಿದಾಗ ಹುಟ್ಟುವ ಅನಿಲ ಗುಂಡನ್ನು ಮುಂದೆ ತಳ್ಳುತ್ತದೆ. ಗುಂಡು ಮುಂದೆ ಸರಿದಂತೆಲ್ಲ ಅದರ ಹಿಂದಿನ ಜಾಗ ಹಿಗ್ಗಿ ಒತ್ತಡ ಇಳಿಯುತ್ತದೆ. ಇತ್ತ ನಳಿಗೆಯ ಗೋಡೆಯ ಘರ್ಷಣೆ ಗುಂಡನ್ನು ಹಿಂದಕ್ಕೆ ಹಿಡಿಯುತ್ತಲೇ ಇರುತ್ತದೆ. ತಳ್ಳುವ ಬಲ ಹೆಚ್ಚಾಗಿರುವವರೆಗೆ ವೇಗ ಏರುತ್ತದೆ. ಎರಡೂ ಸರಿಸಮವಾದ ಮೇಲೆ ನಳಿಗೆಯೇ ಗುಂಡನ್ನು ತಡೆಯತೊಡಗುತ್ತದೆ. ಕಮಲಾಪುರದವರೆಗೆ ನಳಿಗೆ ಮಾಡಿದ್ದರೆ ಗುಂಡು ಹೊರಗೇ ಬರುತ್ತಿರಲಿಲ್ಲ. ಹುಡುಗನ ಪ್ರಶ್ನೆ ಚೇಷ್ಟೆಯಲ್ಲ, ನನ್ನ ಸೂತ್ರವೇ ತಪ್ಪಾಗಿತ್ತು.

ಎಷ್ಟು ಉದ್ದ ಸಾಕು ಎಂಬುದು ಮದ್ದಿನ ಪ್ರಮಾಣವನ್ನೂ ರಂಧ್ರದ ಅಗಲವನ್ನೂ ಅವಲಂಬಿಸಿದೆ. ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಉದ್ದ ಕೇವಲ 14 ಅಡಿ ಚಿಲ್ಲರೆ, ಆದರೆ ರಂಧ್ರದ ಅಗಲ 2 ಅಡಿ 4 ಅಂಗುಲ; ಉದ್ದವು ಅಗಲದ ಆರು ಪಟ್ಟು ಮಾತ್ರ. ಅದೇ ಊರಿನ ಉಪ್ಪಲಿ ಬುರುಜಿನ ಮೇಲಿನ ಉದ್ದ ತೋಪು 30 ಅಡಿ ಮೀರಿದ್ದು, ರಂಧ್ರ ಒಂದೇ ಅಡಿ. ಅಲ್ಲಿ ಉದ್ದವು ಅಗಲದ ಮೂವತ್ತು ಪಟ್ಟು. (ನಮ್ಮ ತೋಪೇ ಜಗತ್ತಿನಲ್ಲಿ ಅತಿ ಉದ್ದದ್ದು ಎಂದು ನಾನು ಬರೆಸಿದ್ದನ್ನೂ ದಯವಿಟ್ಟು ಹೊಡೆದುಹಾಕಿರಿ.)

ಪಾಯಿಂಟ್ 22 ತೋಟೆಯಲ್ಲಿ ಮದ್ದು ಒಂದು ಚಿಟಿಕೆಯಷ್ಟೇ. ಸುಮಾರು 16ರಿಂದ 18 ಅಂಗುಲದೊಳಗೆ ಅದರ ಕಸುವು ಬಹುಮಟ್ಟಿಗೆ ತೀರುತ್ತದೆ. ಅದರಾಚೆಯ ಉದ್ದದಿಂದ ವೇಗ ಹೆಚ್ಚುವುದಿಲ್ಲ, ಕೆಲವೊಮ್ಮೆ ಕುಗ್ಗುವುದೂ ಉಂಟು. ಬರಿಗಣ್ಣಿನಿಂದ ಗುರಿ ಹಿಡಿಯುವವರಿಗೆ ಉದ್ದ ನಳಿಗೆಯಿಂದ ಬೇರೊಂದು ಲಾಭವಿದೆ: ಹಿಂದಿನ ಮುಂದಿನ ಗುರಿಗುರುತುಗಳ ನಡುವಿನ ಅಂತರ ಹೆಚ್ಚಾಗಿ, ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ. ದುರ್ಬೀನು ಕೂಡಿಸುವವನಿಗೆ ಆ ಲಾಭವೂ ಇಲ್ಲ, ಭಾರವೊಂದೇ ಉಳಿಯುತ್ತದೆ.

ಕಾಯಿದೆಯ ಮಾತನ್ನೂ ಹೇಳಿಬಿಡುತ್ತೇನೆ. ಅವನಿರುವ ದೇಶದಲ್ಲಿ 16 ಅಂಗುಲಕ್ಕಿಂತ ಗಿಡ್ಡ ನಳಿಗೆಯ ರೈಫಲಿಗೆ ಪ್ರತ್ಯೇಕ ನೋಂದಣಿ ಬೇಕು. ಅವನ ಪಟ್ಟಿ 16ರಿಂದ ಆರಂಭವಾದದ್ದು ಅದಕ್ಕೇ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಮಾಡುವುದಷ್ಟೇ ಅಲ್ಲ, ಇರುವ ಬಂದೂಕಿನ ನಳಿಗೆಯನ್ನು ಕತ್ತರಿಸುವುದೂ ಅಪರಾಧ. ಓದಿದ ಮೊಮ್ಮಕ್ಕಳು ಯಾರೂ ಪ್ರಯೋಗಕ್ಕೆ ಇಳಿಯಬಾರದು.

ಸಂಜೆ ನಾನೇ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದೆ. “16 ಸಾಕಪ್ಪಾ, ಕೈಯಾಗ ಹಗುರ ಇರ್ತದ. ಅವತ್ತು ನಿನ್ನ ಬಿಸಿಲಾಗ ನಿಲ್ಲಿಸಿದ್ದು ನನ್ನ ತಪ್ಪು” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬಳಿಕ, “ಇರ್ಲಿ ಬಿಡ್ರಿ ಮಾಮಾ. ಆದ್ರ ಅವತ್ತಿನಿಂದ ಕ್ಲಾಸಿನ್ಯಾಗ ನಾ ಒಂದೂ ಪ್ರಶ್ನಾ ಕೇಳ್ಲಿಲ್ಲ, ಗೊತ್ತದೇನ್ರಿ?” ಎಂದ.

ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಉಂಡು ಮಲಗುತ್ತಿದ್ದ ಹುಡುಗ ತರಗತಿಯಲ್ಲಿ ಮೌನವಾದದ್ದನ್ನು ನಾನು ಶಿಸ್ತು ಎಂದು ಭಾವಿಸಿದ್ದೆ.

ನಿಮ್ಮಲ್ಲಿ ಇನ್ನೂ ಯಾರ ಪ್ರಶ್ನೆಯನ್ನಾದರೂ ನಾನು ಹೀಗೆ ಬಿಸಿಲಿನಲ್ಲಿ ನಿಲ್ಲಿಸಿದ್ದರೆ ದಯವಿಟ್ಟು ಬರೆಯಿರಿ. ಉತ್ತರ ಗೊತ್ತಿದ್ದರೆ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ ಈಗಲಾದರೂ ಹಾಗೆಂದೇ ಹೇಳುತ್ತೇನೆ.