ಮೆರವಣಿಗೆ ಮುಗಿದ ಮಾರನೇ ದಿನ

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಈಗ ಯಾರಾದ್ರೂ ಸೇನೆಯಿಂದ ನಿವೃತ್ತರಾಗಿ ಬಂದ್ರೆ ಊರಿಗೆ ಊರೇ ಹಬ್ಬ. ತೆರೆದ ಜೀಪು, ತಮಟೆ, ಹಾರ, ಹುಡುಗರ ಬೈಕ್ ರ‍್ಯಾಲಿ. ಸಂಜೆಯೊಳಗೆ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಅದೇ ಫೋಟೊ.

ಇಂಥ ಸ್ವಾಗತ ಅಂದ್ರೆ ನನಗೆ ಲಫಾಯೆಟ್ ನೆನಪಾಗ್ತಾನೆ. ಫ್ರಾನ್ಸ್‌ನ ಸಿರಿವಂತರ ಮನೆ ಹುಡುಗ. 1777ರಲ್ಲಿ, 19ನೇ ವಯಸ್ಸಿಗೇ, ಬ್ರಿಟಿಷರ ವಿರುದ್ಧ ಅಮೆರಿಕನ್ನರ ಪರ ಹೋರಾಡೋಕೆ ಹಡಗು ಹತ್ತಿದ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್‌ನನ್ನು ಶರಣಾಗಿಸಿದವರಲ್ಲಿ ಅವನೂ ಒಬ್ಬ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡನಲ್ಲ, ಅದೇ ಕಾರ್ನ್‌ವಾಲಿಸ್.

ನಾಲ್ಕು ದಶಕಗಳ ನಂತರ, 1824ರ ಆಗಸ್ಟ್‌ನಲ್ಲಿ, ಅಧ್ಯಕ್ಷ ಮನ್ರೋ ಕರೆಯ ಮೇರೆಗೆ ಲಫಾಯೆಟ್ ಮತ್ತೆ ಅಮೆರಿಕಕ್ಕೆ ಬಂದ. ಆಗ ಅವನಿಗೆ 66 ವರ್ಷ. ನಾಲ್ಕು ತಿಂಗಳು ಅಂದುಕೊಂಡಿದ್ದ ಪ್ರವಾಸ 13 ತಿಂಗಳಾಯ್ತು. ಆಗಿದ್ದ 24 ರಾಜ್ಯಗಳನ್ನೂ ಸುತ್ತಿದ. ಹೋದಲ್ಲೆಲ್ಲ ಜನಸಾಗರ, ಔತಣ. ಅಲ್ಲಿನ ಸಂಸತ್ತು 2 ಲಕ್ಷ ಡಾಲರ್ ಹಣ, ಜಮೀನು ಎರಡನ್ನೂ ಕೊಟ್ಟಿತು.

ನನಗೆ ಇಷ್ಟವಾದದ್ದು ಇದ್ಯಾವುದೂ ಅಲ್ಲ. ರಿಚ್ಮಂಡ್‌ನ ಗುಂಪಿನಲ್ಲಿ ಜೇಮ್ಸ್ ಅನ್ನೋ ಕಪ್ಪು ಮನುಷ್ಯ ನಿಂತಿದ್ದ. ಗುಲಾಮನಾಗಿದ್ದಾಗಲೇ ಕಾರ್ನ್‌ವಾಲಿಸ್ ಪಾಳೆಯದೊಳಗಿದ್ದು ಲಫಾಯೆಟ್‌ಗೆ ಸುದ್ದಿ ಮುಟ್ಟಿಸಿದ್ದವನು. ಸೈನಿಕರಾಗಿ ದುಡಿದ ಗುಲಾಮರಿಗೆ ಯುದ್ಧದ ನಂತರ ಬಿಡುಗಡೆ ಸಿಕ್ತು. ಇವನು ಗೂಢಚಾರ, ಹಾಗಾಗಿ ಸಿಗಲಿಲ್ಲ. 1784ರಲ್ಲಿ ಲಫಾಯೆಟ್ ತನ್ನ ಕೈಯಾರೆ ಒಂದು ಪ್ರಮಾಣಪತ್ರ ಬರೆದುಕೊಟ್ಟ. ಅದರ ಬಲದಿಂದ 1787ರಲ್ಲಿ ಜೇಮ್ಸ್ ಸ್ವತಂತ್ರನಾದ, ಲಫಾಯೆಟ್ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ. ಅಷ್ಟು ವರ್ಷಗಳ ಮೇಲೂ ಮುದುಕ ಲಫಾಯೆಟ್ ಗುಂಪಿನಲ್ಲಿ ಅವನ ಗುರುತು ಹಿಡಿದು ಅಪ್ಪಿಕೊಂಡ.

ಆ ಅಪ್ಪುಗೆಗಿಂತ ಮುಂಚೆ ಒಂದು ಕಾಗದ ಇತ್ತು ಅನ್ನೋದೇ ನನಗೆ ಮುಖ್ಯ.

ಯಾಕಂದ್ರೆ ನಮ್ಮ ಚಿಕ್ಕಪ್ಪನನ್ನ ನೋಡಿದ್ದೀನಿ. 17 ವರ್ಷ ಸೇನೆಯಲ್ಲಿದ್ದು ಬಂದವರು. ಅವರಿಗೂ ಜೀಪಿನಲ್ಲಿ ಮೆರವಣಿಗೆ ಆಯ್ತು. ಮಾರನೇ ದಿನದಿಂದ ಇನ್ನೊಂದು ಡ್ಯೂಟಿ ಶುರು: ಜಮೀನಿನ ಪೋಡಿ, ಕೆಲಸದ ಅರ್ಜಿ, ಆ ಜೆರಾಕ್ಸ್, ಈ ಸಹಿ. ಹೋದ ಕಡೆಯೆಲ್ಲ ‘ನಾಳೆ ಬನ್ನಿ’. ಒಂದು ಸಂಜೆ ಚಪ್ಪಲಿ ಬಿಡ್ತಾ ಚಿಕ್ಕಮ್ಮನಿಗೆ ಅಂದ್ರು: “ಗಡಿಯಲ್ಲಿ ಕಾಯೋದು ಸುಲಭ ಕಣೇ, ಈ ಬೆಂಚ್ ಮೇಲೆ ಕಾಯೋದೇ ಕಷ್ಟ.”

ಅವತ್ತು ಸೆಲ್ಫಿ ತಗೊಂಡವರಲ್ಲಿ ಇಬ್ಬರು ಹುಡುಗರು ಮಾತ್ರ ವಾಪಸ್ ಬಂದ್ರು. ಲ್ಯಾಪ್‌ಟಾಪ್ ತಂದು, ರಾತ್ರಿ ಹತ್ತರವರೆಗೆ ಕೂತು ಅರ್ಜಿಗಳನ್ನ ಆನ್‌ಲೈನ್‌ನಲ್ಲಿ ತುಂಬಿಕೊಟ್ಟು ಹೋದ್ರು.

ಮೆರವಣಿಗೆ ಬೇಡ ಅಂತಲ್ಲ. ನಿಮ್ಮೂರಲ್ಲೂ ಇದ್ದರೆ ರಜೆ ಹಾಕಿ ಹೋಗಿ, ಹಾರ ಹಾಕಿ, ಸ್ಟೇಟಸ್ಸೂ ಹಾಕಿ. ಆದ್ರೆ ಒಂದು ವಾರ ಬಿಟ್ಟು ಒಂದು ಫೋನ್ ಮಾಡಿ, “ಅಣ್ಣ, ಯಾವ ಕಾಗದ ಬಾಕಿ ಇದೆ?” ಅಂತ ಕೇಳಿ. ಆಫೀಸಲ್ಲಿ ದಿನಕ್ಕೆ ಹತ್ತು ಫಾರ್ಮ್ ತುಂಬೋ ನಮಗೆ ಅದೇನು ದೊಡ್ಡ ಕೆಲಸ?